ನೂರಾ ಇಪ್ಪತ್ತೇಳು ಹಲ್ಲಿನ ಮಾವ

ನಮ್ಮ ಸೋದರಮಾವನ ಬಾಯಲ್ಲಿ ಹತ್ತು ಹಲ್ಲೂ ಉಳಿದಿಲ್ಲ. ಆದರೆ ದಾವಣಗೆರೆಯಿಂದ ಹರಿಹರದವರೆಗೆ ಕಂಡಕಂಡವರನ್ನು ನೂರಾ ಇಪ್ಪತ್ತೇಳು ಹಲ್ಲು ಕೇಳಿಕೊಂಡು ತಿರುಗಿದ ಪುಣ್ಯಾತ್ಮರು ಅವರೊಬ್ಬರೇ!

ಗಾಬರಿಯಾಗಬೇಡಿ, ಆ ಹಲ್ಲು ಕಬ್ಬಿಣ ಕಡೆಯುವ ಲೇತ್ ಮಷೀನಿನ ಗೇರಿಗೆ. ಮಾವ ಬಸ್ ಕಂಡಕ್ಟರಾಗಿದ್ದವರು. ಸರ್ವೀಸ್ ಪೂರ್ತಿ ಯಾರಿಗೂ ಸರಿಯಾಗಿ ಚೇಂಜ್ ಕೊಡದವರು ರಿಟೈರಾದ ಮೇಲೆ ಲೇತಿಗೆ ಬದಲಿಸಿ ಹಾಕುವ ಚೇಂಜ್ ಗೇರಿನ ಹಿಂದೆ ಬಿದ್ದರಲ್ಲ, ಏನನ್ನೋಣ! ಹರಿಹರದಲ್ಲಿ ಮುಚ್ಚುತ್ತಿದ್ದ ಯಾವುದೋ ವರ್ಕ್‌ಶಾಪಿನಿಂದ ಹಳೆಯ ಪುಟ್ಟ ಲೇತೊಂದನ್ನು ತಂದು, ನಿಟ್ಟುವಳ್ಳಿಯ ಮನೆಯ ನಡುಮನೆಯಲ್ಲಿ ದಿವಾನ ಇದ್ದ ಜಾಗದಲ್ಲೇ ಪ್ರತಿಷ್ಠಾಪಿಸಿದರು.

"ಬಂದೋರು ಎಲ್ಲಿ ಕೂಡ್ಬೇಕ್ರಿ?" ಅಂದರು ಅತ್ತೆ.

"ನಿಂತೇ ಹೋಗ್ಲಿ ಬಿಡು. ನನ್ ಬಸ್ಸಿನಾಗೆ ನಿಂತಿರ್ಲಿಲ್ಲೇನು?"

ಆಟ ಹೀಗೇ ನಡೆದಿದ್ದಾಗ ಅತ್ತೆಗೆ ಲಕ್ವ ಹೊಡೆಯಿತು. ಕೈಗೆ ಬಲ ತಿರುಗಿ ಬಂತು, ಕಾಲಿಗೆ ಬರಲಿಲ್ಲ. ಆದರೂ ರೊಟ್ಟಿ ತಾನೇ ತಟ್ಟಬೇಕೆಂಬ ಹಟ. ಮಾವ ಯಾವುದೋ ಕ್ಲಿನಿಕ್ಕಿನ ಗುಜರಿಯಿಂದ ತಿರುಗಿಸಿ ಏರಿಸುವ, ಇಳಿಸುವ ಸ್ಟೂಲೊಂದನ್ನು ತಂದು, ಅದಕ್ಕೆ ಬೆನ್ನೊರಗು ಕೂಡಿಸಿದರು. ನಟ್ಟು ಗಟ್ಟಿಯಿತ್ತು, ಒಳಗಿನ ಸ್ಕ್ರೂ ಸವೆದು ಸೀಟು ಜರ್ರನೆ ಜಾರುತ್ತಿತ್ತು.

"ಹೊಸದು ತರಾನ ಬರ್ರಿ ಮಾವ," ಅಂದೆ.

"ಅಂಗಡೀವು ಅಲ್ಲಾಡ್ತಾವೆ. ಆಕಿ ಬಿದ್ರೆ? ಹೊಸ ಸ್ಕ್ರೂ ನಾನೇ ಲೇತಿನಾಗೆ ಮಾಡ್ತೀನಿ."

ಇಲ್ಲಿ ಶುರುವಾಯಿತು ನೋಡಿ ರಗಳೆ! ಸ್ಟೂಲಿನ ನಟ್ಟು ಮಿಲಿಮೀಟರಿನದು, ಮಾವನ ಲೇತು ಇಂಚಿನದು. ಐದು ಇಂಚಿಗೆ ಸರಿಯಾಗಿ ನೂರಾ ಇಪ್ಪತ್ತೇಳು ಮಿಲಿಮೀಟರಂತೆ. ಅಷ್ಟು ಹಲ್ಲಿನ ಗೇರು ನಡುವೆ ಬಂದರೆ ಮಾತ್ರ ಎರಡಕ್ಕೂ ಸಂಬಂಧ ಕುದುರುತ್ತದಂತೆ.

"ಅದರ ಹತ್ರದ ಲೆಕ್ಕದ್ದೊಂದು ಹಾಕಿದ್ರೆ ನಡಿಯಲ್ಲೇನ್ರಿ?"

"ಹರಿಹರಕ್ಕೆ ಟಿಕೆಟ್ ತಗಂಡೋನ್ನ ದೊಡ್ಡಬಾತಿಯಾಗೆ ಇಳಿಸ್ಲೇನು?"

ಒಮ್ಮೆ ಬಸ್ಸಿನಲ್ಲಿ ಫೋನ್ ಹಿಡಿದು ಕೂಗಿದರು: "ನೂರಾ ಇಪ್ಪತ್ತೇಳು ಹಲ್ಲಿಂದು ಐತೇನ್ರಿ? ಹಳೇದಾದ್ರೂ ಆತು, ಒಂದೂ ಮುರಿದಿರಬಾರ್ದು!" ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದರು.

ಕೊನೆಗೆ ಹರಿಹರದ ಹಳೇ ಫಿಟ್ಟರೊಬ್ಬರ ಅಟ್ಟದ ಮೇಲೆ ಆ ಗೇರು ಸಿಕ್ಕಿತು. ಮಾವ ಎರಡು ಗೇರುಗಳ ನಡುವೆ ಬಸ್ ಟಿಕೆಟೊಂದನ್ನು ಸಿಕ್ಕಿಸಿ, ಬೋಲ್ಟು ಬಿಗಿದು, ಟಿಕೆಟನ್ನು ಎಳೆದು ತೆಗೆದರು. "ಇಷ್ಟು ಸಂದಿ ಇರ್ಬೇಕು. ತೀರಾ ಒತ್ತಿ ಕೂಡ್ರಿಸಿದ್ರೆ ಕಚ್ಚಾಡ್ತಾವೆ." ಆಮೇಲೆ ಒಂದು ಹಿಡಿಕೆ ತೋರಿಸಿ ಗಂಭೀರವಾದರು. "ಇದನ್ನ ಒಮ್ಮೆ ಹಾಕಿದ್ರೆ ಕೆಲಸ ಮುಗಿಯೋತಂಕ ಎತ್ತಂಗಿಲ್ಲ. ಎತ್ತಿದ್ರೆ ಗೆರೆ ಕೊರಿಯೋ ಟೂಲು ಹಳೇ ದಾರಿಗೆ ಬರಲ್ಲ, ಸ್ಕ್ರೂ ಕೆಡ್ತತೆ. ಮಷೀನ್ ನಿಲ್ಸಿ, ಉಲ್ಟಾ ತಿರುಗಿಸ್ಕ್ಯಂತನೇ ವಾಪಸ್ ಬರ್ಬೇಕು. ಮನಿಗೆ ಬೆಂಕಿ ಬಿದ್ರೂ ಎತ್ತಬ್ಯಾಡ, ತಿಳೀತಾ?"

ನಾನು ಎಣ್ಣೆ ಬಿಡುತ್ತಾ ನಿಂತೆ. ಟೂಲು ಹೋಗುವುದು, ಮಷೀನು ನಿಲ್ಲುವುದು, ಟೂಲು ಬರುವುದು. ಪ್ರತಿ ಸಲಕ್ಕೂ ಸರಳಿನ ಮೇಲೆ ಸ್ಕ್ರೂವಿನ ಗೆರೆ ಆಳವಾಗುತ್ತಾ ಬಂತು. ಇನ್ನೇನು ಮುಗಿಯಿತು ಅನ್ನುವಾಗ ಒಳಗಿನ ಕೋಣೆಯಿಂದ ಅತ್ತೆ, "ಏನ್ರೀ!" ಅಂದರು.

ಮಾವ ಹಿಡಿಕೆಯನ್ನು ಸರಕ್ಕನೆ ಎತ್ತಿ ಓಡಿದರು.

ಹಿಂದೆಯೇ ಹೋದೆ. ಅತ್ತೆ ಆರಾಮಾಗಿ ಮಲಗಿದ್ದರು. "ಏನಿಲ್ರಿ. ಆ ಮಷೀನ್ ಸದ್ದು ಆಗಾಗ ನಿಲ್ತತೆ. ನಿಮಗೇನಾರ ಆತೇನೋ ಅಂತ ಜೀವ ಹಾರ್ತತೆ. ಅದಕ್ಕ ಕೂಗಿದೆ."

"ನಂಗೇನಾಗ್ತತೆ?" ಅಂದ ಮಾವ ಮಂಚದ ಅಂಚಿಗೆ ಕೂತರು. ಸ್ಕ್ರೂ ಕೆಟ್ಟಿತೆಂದು ಅವರು ಹೇಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿದರು.

ಹೊಸ ಸರಳು ತರುವಷ್ಟರಲ್ಲಿ ಅತ್ತೆಗೆ ಮತ್ತೊಮ್ಮೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಜೀವಂತವಾಗಿ ಬರಲಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಮಾವ ಹೊಸ ಸರಳು ತಂದು ಲೇತು ಚಾಲೂ ಮಾಡಿದರು. ನಾನು ಎಣ್ಣೆ ಬಿಟ್ಟೆ. ಈ ಸಲ ಯಾರೂ ಕೂಗಲಿಲ್ಲ. ಮಷೀನು ನಿಂತಾಗಲೆಲ್ಲ ಮಾವ ಒಂದು ಗಳಿಗೆ ಒಳಗಿನ ಬಾಗಿಲ ಕಡೆ ನೋಡಿ, ಮತ್ತೆ ತಿರುಗಿಸುತ್ತಿದ್ದರು. ಸ್ಕ್ರೂ ನಟ್ಟಿನೊಳಗೆ ಬೆಣ್ಣೆಯಂತೆ ಇಳಿಯಿತು.

ಸ್ಟೂಲನ್ನು ಒಲೆಯ ಮುಂದೆ ಇಟ್ಟೆವು. ನಾನು ಸೀಟನ್ನು ಅಂದಾಜಿಗೆ ಏರಿಸಿ, "ಸಾಕೇನ್ರಿ?" ಅಂದೆ.

ಮಾವ ದೂರ ನಿಂತು ಸೀಟಿನಿಂದ ನೆಲದವರೆಗೆ ಕಣ್ಣಲ್ಲೇ ಅಳೆದರು.

"ಇನ್ನೊಂದೆರಡು ಸುತ್ತು ಇಳಿಸಪ್ಪ," ಅಂದರು. "ಆಕಿ ಕಾಲು ನೆಲಕ್ಕೆ ಎಟುಕಲ್ಲ."