ಹಸಿರು ಇಂಕಿನ ಎಲೆಗಳು

ರಜೆ ಅರ್ಜಿ ಕೊಟ್ಟು ಎಂಟು ದಿನವಾದರೂ ಮಂಜಯ್ಯನವರು ಹಾಂ ಅಂದಿರಲಿಲ್ಲ, ಹೂಂ ಅಂದಿರಲಿಲ್ಲ. ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನ ಮಾಲೀಕರು ಅವರು. ರವಿಶಂಕರ ಅಲ್ಲಿ ಲೆಕ್ಕಪತ್ರ ಬರೆಯುವ ರೈಟರು. ನಾಳೆ ಕಳಸದಲ್ಲಿ ಅವನ ಭಾಮೈದ ಸುಪ್ರೀತನ ಮದುವೆ.

"ನಾಲ್ಕು ಗಂಟೆ ಬಸ್ಸಿಗೆ ನೀವು ಬಂದ್ರೆ ಸರಿ. ಇಲ್ದಿದ್ರೆ ನಾನೊಬ್ಳೇ ಹೋಗ್ತೀನಿ. ವಾಪಸ್ ಬರೋದನ್ನ ಮಾತ್ರ ಅಲ್ಲಿ ಕೂತು ಯೋಚ್ನೆ ಮಾಡ್ತೀನಿ" ಎಂದು ಹೆಂಡತಿ ಪಂಚಮಿ ಬೆಳಿಗ್ಗೆ ದೋಸೆ ಮಗುಚುತ್ತ ಹೇಳಿದ್ದಳು. ಅವಳು ಹೇಳಿದರೆ ಹೇಳಿದ್ದೇ.

ಅದು ತೊಂಬತ್ತಾರರ ಜನವರಿ, ರೋಬಸ್ಟಾ ಕುಯ್ಲಿನ ಕಾಲ. ಕುಯ್ಲಿನಲ್ಲಿ ರಜೆ ಕೇಳುವವರನ್ನು ಮಂಜಯ್ಯನವರು ಕಾಫಿ ಗಿಡ ಕೊರೆಯುವ ಬೋರರ್ ಹುಳವನ್ನು ನೋಡುವ ಹಾಗೆ ನೋಡುತ್ತಿದ್ದರು. ಇನ್ನೊಮ್ಮೆ ಬಾಯಿ ಬಿಟ್ಟು ಕೇಳುವ ಧೈರ್ಯ ರವಿಶಂಕರನಿಗಿರಲಿಲ್ಲ. ಆದರೆ ಅವತ್ತು ಸಾಹುಕಾರರಿಗೆ ಅರವತ್ತು ತುಂಬುವ ದಿನ. ಕೈಯಾರೆ ಮಾಡಿದ ಶುಭಾಶಯದ ಕಾರ್ಡು ಎಂಥವರ ಮನಸ್ಸನ್ನೂ ಕರಗಿಸುತ್ತದೆ ಎಂದು ಭಾನುವಾರದ ಪುರವಣಿಯಲ್ಲಿ ಅವನು ಓದಿದ್ದ. ಕಾಗದ, ಬಟ್ಟೆ ಚೂರು, ಕಾಳು, ಕಡ್ಡಿ, ಏನು ಸಿಕ್ಕರೂ ಅಂಟಿಸಬಹುದಂತೆ.

ಸಾಹುಕಾರರು ಕಣಕ್ಕೆ ಹೊರಟಿದ್ದೇ ತಡ, ಆಫೀಸಿನ ಮೇಜಿನ ಮೇಲೆ ರಟ್ಟು ಹರಡಿ ಕೂತ. ಗಮ್ಮಿನ ಬಾಟಲಿ ಒಣಗಿತ್ತು. ಅಡುಗೆಯ ರಾಮಮ್ಮ ಮೈದಾ ಕುದಿಸಿ ಅಂಟು ತಂದಳು. ತಂದವಳು ಅಲ್ಲೇ ನಿಂತಳು.

ಗೋಣಿಚೀಲದ ನಾರಿನಿಂದ ಒಂದು ಕಾಫಿ ಗಿಡ ಎದ್ದು ನಿಲ್ಲುವ ಹೊತ್ತಿಗೆ ಮೇಸ್ತ್ರಿ ಬಸವರಾಜಪ್ಪ ಇಣುಕಿದ.

"ಎಂತದು ರೈಟ್ರೆ, ಗಿಡದಲ್ಲಿ ಒಂದು ಹಣ್ಣಿಲ್ಲ! ಸಾಹುಕಾರ್ರು ನೋಡಿದ್ರೆ ಎದೆ ಒಡೆದುಕೊಳ್ತಾರೆ" ಎಂದು ಜೇಬಿನಿಂದ ಹಿಡಿ ಹಣ್ಣು ತೆಗೆದು, ಕೇಳದೆಯೇ ಹೆಬ್ಬೆರಳಲ್ಲಿ ಒತ್ತಿ ಅಂಟಿಸಿದ. ಹಣ್ಣು ಒಡೆದು ರಸ ಹರಿಯಿತು. ಮಂಜಯ್ಯನವರ ಅರವತ್ತರ ಕಾರ್ಡು ಕೋಳಿ ಕೊಯ್ದ ಜಾಗದ ಹಾಗೆ ಕಂಡಿತು. ರಾಮಮ್ಮ ಹಳೆಯ ಕೆಂಪು ರವಿಕೆಯ ತುಂಡು ತಂದು ಅದರ ಮೇಲೆ ಅಂಟಿಸಿ ಮರ್ಯಾದೆ ಉಳಿಸಿದಳು.

ಎಲೆ ಬಾಕಿ ಇತ್ತು. ನಿಜವಾದ ಎಲೆಗಳನ್ನೇ ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿದರೆ ಅವು ಹಪ್ಪಳದಂತೆ ಮುರುಟಿ ಕಪ್ಪಾದವು. ಅಷ್ಟರಲ್ಲಿ ಎದುರಿನ ಶಾಲೆಯ ವಿಶಾಲಾಕ್ಷಮ್ಮ ಟೀಚರು ಬಂದರು.

"ಹಸಿರೇ ಇಲ್ವಲ್ರೀ! ಎಲೆ ಉದುರಿದ ಗಿಡ ಕೊಡ್ತೀರಾ? ಅದೂ ಅರವತ್ತಕ್ಕೆ!"

ಗಂಟೆ ಮೂರಾಗಿತ್ತು. ಹಸಿರು ಕಾಗದ ಎಲ್ಲಿಂದ ತರುವುದು? ರವಿಶಂಕರನ ಕಣ್ಣು ಸಾಹುಕಾರರ ಮೇಜಿನತ್ತ ಹೊರಳಿತು. ಮಂಜಯ್ಯನವರು ಬರೆಯುತ್ತಿದ್ದುದೇ ಹಸಿರು ಇಂಕಿನಲ್ಲಿ. ಆನೆ ಕಾಟದ ಬಗ್ಗೆ, ಕಾಫಿ ರೇಟಿನ ಬಗ್ಗೆ ಪೇಪರಿನವರಿಗೆ ಬರೆಯುವ ಉದ್ದುದ್ದ ಪತ್ರಗಳ ಕರಡನ್ನೆಲ್ಲ ಹಳೆಯ ಕಾಗದಗಳ ಹಿಂಬದಿಯಲ್ಲೇ ಗೀಚಿ ಬಿಸಾಡುತ್ತಿದ್ದರು. ಅವರ ಅಕ್ಷರ ಅವರೊಬ್ಬರಿಗೇ ತಿಳಿಯುತ್ತಿತ್ತು. ಅಂಥದೇ ಒಂದು ಹಾಳೆ, ಅಂಚಿನಿಂದ ಅಂಚಿಗೆ ಹಸಿರು ತುಂಬಿಕೊಂಡು, ಪೇಪರ್‌ವೇಟಿನ ಕೆಳಗಿತ್ತು. ರವಿಶಂಕರ ಎಳೆದುಕೊಂಡ.

"ಕೊಡಿ ಇಲ್ಲಿ, ನಿಮಗೆ ಕತ್ತರಿ ಹಿಡಿಯೋಕೆ ಬರಲ್ಲ" ಎಂದು ಟೀಚರು ಕಿತ್ತುಕೊಂಡು ಚಕಚಕನೆ ಹನ್ನೆರಡು ಎಲೆ ಕತ್ತರಿಸಿದರು. ಒಂದೊಂದನ್ನೇ ಮಗುಚಿ ಅಂಟು ಹಚ್ಚುತ್ತಿದ್ದ, ಓದು ಬಾರದ ರಾಮಮ್ಮ ಹೇಳಿದಳು: "ಇದ್ರ ಹಿಂದ್ಗಡೇನೂ ಎಂತದೋ ಬರ್ದಿದೆ, ರೈಟ್ರೆ."

"ಅಯ್ಯೋ, ಹಚ್ಚಿ ರಾಮಮ್ಮ, ಬಸ್ಸಿಗೆ ಹೊತ್ತಾಯ್ತು!"

ಮೂರೂಮುಕ್ಕಾಲಿಗೆ ಮಂಜಯ್ಯನವರು ಬಂದರು. ಪಂಚಮಿ ಆಗಲೇ ಬ್ಯಾಗು ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ರವಿಶಂಕರ ಎರಡೂ ಕೈಯಲ್ಲಿ ಕಾರ್ಡು ಕೊಟ್ಟ. ಸಾಹುಕಾರರು ನೋಡಿದರು. ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದರು. ಅವರ ಬೆರಳು ಎಲೆಯಿಂದ ಎಲೆಗೆ ನಿಧಾನವಾಗಿ ಸರಿಯಿತು.

"ಭಾಮೈದನ ಮದುವೆ... ಮೂರು ದಿನ... ಮಂಜೂರು..." ಎಂದು ಓದಿ ತಲೆಯೆತ್ತಿದರು. "ರೈಟ್ರೆ, ಇದು ನಿಮ್ಮ ರಜೆ ಅರ್ಜಿ ಅಲ್ವೇನ್ರೀ? ಕುಯ್ಲಿನಲ್ಲಿ ಯಾಕೆ ಕೊಡಬಾರ್ದು, ಆದ್ರೂ ಯಾಕೆ ಕೊಡ್ತಿದ್ದೀನಿ ಅಂತ ಹಿಂದ್ಗಡೆ ಪುಟ ತುಂಬ ಬರ್ದು, ನಿಮಗೆ ಕಾಣ್ಲಿ ಅಂತ ಮೇಜಿನ ಮೇಲೇ ಇಟ್ಟು ಹೋಗಿದ್ದೆ."

ರವಿಶಂಕರ ಕಾರ್ಡಿನತ್ತ ಬಗ್ಗಿ ನೋಡಿದ.

ಮಂಜಯ್ಯನವರ ಕಣ್ಣು ತುಂಬಿತ್ತು. "ನಾನು ಕೊಟ್ಟ ರಜೇನೇ ಕತ್ತರಿಸಿ ನನ್ನ ತೋಟಕ್ಕೆ ಎಲೆ ಮಾಡಿದ್ದಾರಲ್ಲ! ಕುಯ್ಲು ಬಿಟ್ಟು ಹೋಗಲ್ಲ ಅಂತ ಹೇಳೋಕೆ ಇಷ್ಟು ಚೆಂದದ ದಾರಿ ಯಾರಿಗೆ ಹೊಳೀಬೇಕು? ಬಸವರಾಜಪ್ಪ, ನೋಡು ಮಾರಾಯ, ನಿಯತ್ತು ಅಂದ್ರೆ ಇದು!"

"ಅದು ಹಾಗಲ್ಲ, ಸಾಹುಕಾರ್ರೆ..."

"ನೀವೇನೂ ಹೇಳ್ಬೇಡಿ. ನಂಗೆ ಅರ್ಥ ಆಗಿದೆ."

ವಿಶಾಲಾಕ್ಷಮ್ಮ ಚಪ್ಪಾಳೆ ತಟ್ಟಿದರು. ರಾಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ" ಎಂದು ಮಂಜಯ್ಯನವರು ಪಂಚಮಿಯ ಕಡೆ ತಿರುಗಿದರು.

ಪಂಚಮಿ ಕಾರ್ಡು ನೋಡಿದಳು, ಗಂಡನನ್ನು ನೋಡಿದಳು. "ಹೌದು, ಎಲೆ ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿ, ಬ್ಯಾಗೆತ್ತಿಕೊಂಡು ಗೇಟಿನ ಕಡೆ ನಡೆದಳು.

"ಇದನ್ನ ಇಲ್ಲೇ, ನಿಮ್ಮ ಕುರ್ಚಿಗೆ ಎದುರಾಗಿ ಹಾಕೋಣ. ಒಂದು ಮೊಳೆ ತನ್ನಿ ರೈಟ್ರೆ" ಎಂದರು ಸಾಹುಕಾರರು.

ಕಳಸದ ಬಸ್ಸು ಗೇಟಿನಲ್ಲಿ ನಿಂತು ಹೊರಟ ಸದ್ದು ಕೇಳಿಸುವಾಗ ರವಿಶಂಕರ ಸ್ಟೂಲು ಹತ್ತಿ ಮೊಳೆ ಹೊಡೆಯುತ್ತಿದ್ದ.