ಸೆಲ್ಫ್ ಹೊಡೀತದೆ, ಗಾಡಿ ಏಳಲ್ಲ

ಕೋಲಾರದಲ್ಲಿ ನಾನು ಗ್ಯಾರೇಜ್ ಇಟ್ಟುಕೊಂಡಿದ್ದ ಕಾಲದಲ್ಲಿ ನಗೋದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬಂದ ಗಾಡಿಗಳೇ ನಗುವನ್ನೂ ಹತ್ತಿಸಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿ ಹೋಗುತ್ತಿದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಬುರೇಟರ್ ಇಲ್ಲದ ಇಂಜೆಕ್ಟರ್ ಕಾರುಗಳು ಸೆಕೆಂಡ್ ಹ್ಯಾಂಡಿನಲ್ಲಿ ನಮ್ಮ ಕಡೆಗೂ ಬಂದವು. ಹಳತಾಗುತ್ತಾ ಎಲ್ಲಕ್ಕೂ ಒಂದೇ ಕಾಯಿಲೆ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಮಾತ್ರ ತನಗೆ ಮನಸ್ಸು ಬಂದಾಗ ಏಳುತ್ತದೆ. ಕಾಯಿಲೆ ಒಂದೇ ಆದರೂ ಕಾರಣ ಬೇರೆ ಬೇರೆ. ಆ ಕಾರಣ ಹುಡುಕಲು ಹೋಗಿ ಆದ ಫಜೀತಿಗಳಲ್ಲಿ ಕೆಲವನ್ನು ಹೇಳುತ್ತೇನೆ.

ಫೋನಿನಲ್ಲಿ ಬಂದ ಕಾರು

ಗೌನಿಪಲ್ಲಿಯ ಮೇಷ್ಟ್ರೊಬ್ಬರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. "ಕಾರು ಸ್ಟಾರ್ಟ್ ಆಗಕ್ಕೆ ಬಹಳ ಹೊತ್ತು ತಗೊಳ್ತಿದೆ ಕಣಪ್ಪ."

"ಸೆಲ್ಫ್ ಹೊಡೆದಾಗ ಸದ್ದು ಹೆಂಗ್ ಬರುತ್ತೆ ಸಾರ್? ಸುಸ್ತಾದ ಹಾಗೆ ಬಂದ್ರೆ ಬ್ಯಾಟರಿ. ಚುರುಕಾಗಿದ್ರೆ ಪೆಟ್ರೋಲ್ ಕಡೆ ನೋಡ್ಬೇಕು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ರುಂಯ್... ರುಂಯ್..." ಅಂದರು.

"ಲೈನ್ ಸರಿ ಇಲ್ಲ ಸಾರ್, ಇನ್ನೂ ಸ್ವಲ್ಪ ಜೋರಾಗಿ."

"ರುಂಯ್ಯ್... ರುಂಯ್ಯ್... ರುಂ...ಯ್ಯ್!"

ಬ್ಯಾಟರಿಯೇ ಅಂತ ನನಗೆ ಖಾತ್ರಿಯಾಯಿತು. ಆದರೂ ಇರಲಿ ಅಂತ, "ಏಳೋ ಮುಂಚೆ ಗಾಡಿ ಅದುರುತ್ತಾ ಸಾರ್?" ಅಂದೆ.

"ಅಯ್ಯೋ, ಅದುರುತ್ತಲ್ಲ! ಡಗ ಡಗ ಡಗ ಡಗ..."

ಅಷ್ಟರಲ್ಲಿ ರಿಸೀವರ್ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಬೂತಿನವನ ಗಾಬರಿಯ ದನಿ ಕೇಳಿಸಿತು. "ನೀವು ಮೇಷ್ಟ್ರ ಮನೆಯವರಾ ಸಾರ್? ಬೇಗ ಬನ್ನಿ! ಮೈಯೆಲ್ಲ ಅದುರ್ತಾ ಐತೆ, ಫಿಟ್ಸ್ ಬಂದಂಗಿದೆ! ನಾವೆಲ್ಲ ಸೇರಿ ಗಟ್ಟಿಯಾಗಿ ಹಿಡ್ಕೊಂಡಿದೀವಿ, ಕೈಗೆ ಕಬ್ಬಿಣಾನೂ ಕೊಟ್ಟಿದೀವಿ. ಆದ್ರೂ ಕಾರು ಕಾರು ಅಂತಾನೇ ಬಡ್ಕೋತಾವ್ರೆ!"

ಅತ್ತೆ ಕೂತ ಸೀಟು

ಮುಳಬಾಗಿಲಿನ ಅರ್ಚಕರೊಬ್ಬರ ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಅವರ ಅವಸರವೇ ರೋಗ. ಕೀ ಹಾಕಿದ ತಕ್ಷಣ ಒಂದೇ ಏಟಿಗೆ ಪೂರ್ತಿ ತಿರುಗಿಸಿಬಿಡುತ್ತಿದ್ದರು. ಪೆಟ್ರೋಲ್ ಎಂಜಿನ್ನಿಗೆ ಹೋಗಿ ಮುಟ್ಟುವುದಕ್ಕಾದರೂ ಪುರುಸೊತ್ತು ಬೇಡವೇ?

"ಕೀ ಅರ್ಧ ತಿರುಗಿಸಿ ನಿಲ್ಲಿಸಿ ಸ್ವಾಮಿ. ಹಿಂದುಗಡೆ ಗುಂಯ್ ಅಂತ ಪಂಪಿನ ಸದ್ದು ಬರುತ್ತೆ. ಅದು ನಿಂತ ಮೇಲೆ ಸೆಲ್ಫ್ ಹೊಡೀರಿ" ಅಂದೆ.

"ಸಂಕಲ್ಪ ಆದ್ಮೇಲೆ ಪೂಜೆ, ಅಲ್ವೇನಯ್ಯಾ?" ಅಂತ ಖುಷಿಯಾಗಿ ಹೋದರು.

ಮಾರನೆಯ ದಿನ ಮದುವೆಗೆ ಹೊರಟಿದ್ದಾರೆ. ಅತ್ತೆ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಅರ್ಚಕರು, "ಯಾರೂ ಮಾತಾಡ್ಬೇಡಿ" ಅಂತ ಹೇಳಿ ಕೀ ಅರ್ಧ ತಿರುಗಿಸಿದರು. ಆ ನಿಶ್ಶಬ್ದದಲ್ಲಿ ಸೀಟಿನಡಿಯಿಂದ ಗುಂಯ್ ಅಂತು. ಅತ್ತೆ ಬಾಗಿಲು ತಳ್ಳಿಕೊಂಡು ಬೀದಿಗೆ ಹಾರಿದರು. "ಸೀಟಿನೊಳಗೆ ಹೆಜ್ಜೇನು ಕಟ್ಟಿದೆ!"

ಪಕ್ಕದ ಮನೆಯವರು ಹೊಗೆ ಹಾಕೋಣ ಅಂತ ತೆಂಗಿನ ನಾರಿಗೆ ಬೆಂಕಿ ಹಚ್ಚಿಕೊಂಡು ಓಡಿ ಬಂದರು. ಅರ್ಚಕರು ಉತ್ತರೀಯ ಬೀಸುತ್ತಾ, "ಬೆಂಕಿ ತರಬೇಡಿ! ಅವರು ಕೂತಿದ್ದರ ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ!" ಅಂತ ಕೂಗಿದರು.

ಅತ್ತೆ ಅಳಿಯನನ್ನು ದುರುಗುಟ್ಟಿ ನೋಡಿದರು. "ಓಹೋ, ಇಷ್ಟು ದಿನ 'ಹಿಂದೆ ಆರಾಮಾಗಿ ಕೂತ್ಕೊಳ್ಳಿ ಅತ್ತೆ' ಅಂತ ಉಪಚಾರ ಮಾಡ್ತಿದ್ದಿದ್ದು ಇದಕ್ಕೋ!"

ಅವತ್ತಿನಿಂದ ಅತ್ತೆ ಮುಂದಿನ ಸೀಟಿಗೆ ಬಂದರು. "ಹಾರನ್ ಹೊಡಿ, ಎಮ್ಮೆ ನೋಡು, ನಿಧಾನ, ಅಷ್ಟು ನಿಧಾನ ಯಾಕೆ" ಅಂತ ದಾರಿಯುದ್ದಕ್ಕೂ ಹೇಳತೊಡಗಿದರು. ಒಂದು ವಾರಕ್ಕೆ ಅರ್ಚಕರು ಗ್ಯಾರೇಜಿಗೆ ಬಂದು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು. "ಆ ಪಂಪನ್ನ ಮುಂದಿನ ಸೀಟಿನ ಕೆಳಕ್ಕೆ ತರಕ್ಕಾಗುತ್ತೇನಯ್ಯಾ?"

ಕಾರಿಗೆ ಚಳಿ

ಮಾಸ್ತಿ ಕಡೆಯ ಹಾಲಿನ ವ್ಯಾಪಾರಿಯದು ಉಲ್ಟಾ ಕೇಸು. ಬೆಳಿಗ್ಗೆ ಚೆನ್ನಾಗಿ ಏಳುತ್ತಿದ್ದ ಕಾರು, ಓಡಿಸಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಏಳಲು ಸತಾಯಿಸುತ್ತಿತ್ತು. ನಾನು ಆಗಷ್ಟೇ ತಂದಿದ್ದ ಸ್ಕ್ಯಾನರ್ ಹಾಕಿ ನೋಡಿದೆ. ಸುಡುಬೇಸಿಗೆ, ಮುಟ್ಟಿದರೆ ಕೈ ಸುಡುವ ಎಂಜಿನ್. ಸ್ಕ್ಯಾನರ್ ಮಾತ್ರ ಮೈನಸ್ ನಲವತ್ತು ಡಿಗ್ರಿ ಅಂತ ತೋರಿಸುತ್ತಿದೆ.

"ಶಾಖ ನೋಡೋ ಸೆನ್ಸರ್ ಕೆಟ್ಟೋಗಿದೆ. ಕಾರಿಗೆ ತಾನು ಹಿಮಾಲಯದಲ್ಲಿ ನಡುಗ್ತಾ ನಿಂತಿದೀನಿ ಅಂತ ಭ್ರಮೆ. ಅದಕ್ಕೇ ಬೇಡದಷ್ಟು ಪೆಟ್ರೋಲ್ ಸುರ್ಕೊಂಡು ಉಸಿರು ಕಟ್ಕೋತಾ ಇದೆ. ಬೆಂಗಳೂರಿಂದ ಸೆನ್ಸರ್ ತರಿಸ್ತೀನಿ, ಆಮೇಲೆ ಬನ್ನಿ" ಅಂದೆ.

ಸೆನ್ಸರ್ ಬಂದಿದೆ ಅಂತ ಹೇಳಿ ಕಳಿಸಿದೆ. ಗಂಡ ಹೆಂಡತಿ ಇಬ್ಬರೂ ಬಂದರು. ನೋಡಿದರೆ ಬಾನೆಟ್ಟಿನ ಮೇಲೆ ಹೊಸ ಕರಿ ಕಂಬಳಿ ಹೊದಿಸಿ ಹಗ್ಗ ಬಿಗಿದಿದ್ದಾರೆ.

"ಇದೇನಣ್ಣ ಇದು?"

"ನಡುಗ್ತೈತೆ ಅಂತ ನೀವೇ ಅಂದ್ರಲ್ಲಣ್ಣ. ಪಾಪ ಅನ್ನಿಸ್ತು."

ಆ ಯಮ್ಮ ಕೈ ಕಟ್ಟಿಕೊಂಡು ನಿಂತಿದ್ದರು. "ಆ ಸೆನ್ಸರ್ ಏನೋ ತರ್ಸಿದೀರಲ್ಲ, ಅದನ್ನ ಕಾರಿಗೆ ಹಾಕ್ಬೇಡಿ, ಇವ್ರಿಗೆ ಹಾಕಿ. ಹೋದ ಚಳಿಗಾಲದಿಂದ ನಾನೂ ಕಂಬಳಿ ಕಂಬಳಿ ಅಂತ ನಡುಗ್ತಾನೇ ಇದೀನಿ!"

ಮಾವಿನ ಸಾಹುಕಾರರ ಮನೆ ಬೆಳಗು

ಎಲ್ಲಕ್ಕಿಂತ ನನ್ನನ್ನು ಸುಸ್ತು ಮಾಡಿದವರು ರಾಯಲ್ಪಾಡಿನ ಮಾವಿನ ವ್ಯಾಪಾರಿ. ಕನ್ನಡ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. "ದಿನಾ ಬೆಳಿಗ್ಗೆ ಸತಾಯಿಸ್ತದೆ ಅನ್ನಾ, ಏಂ ಜೇಯಾಲೋ ಏಮೋ!" ಅಂತ, ಏನು ಮಾಡಬೇಕೋ ತೋಚದೆ ಬರುತ್ತಿದ್ದರು. ಅಷ್ಟು ದೂರ ಓಡಿ ಬಂದು ಬಿಸಿಯಾದ ಕಾರು ನನ್ನ ಮುಂದೆ ಮುಟ್ಟಿದರೆ ಏಳುತ್ತಿತ್ತು.

"ರಾತ್ರಿಯೆಲ್ಲ ನಿಂತು ತಣ್ಣಗಾಗಿರೋವಾಗ್ಲೇ ನೋಡ್ಬೇಕು. ನಾನೇ ಊರಿಗೆ ಬರ್ತೀನಿ. ನಾನು ಬರೋವರೆಗೂ ಯಾರೂ ಮುಟ್ಬೇಡಿ" ಅಂದೆ.

ಮೊದಲ ಬಸ್ಸು ಹಿಡಿದು ಹೋದೆ. ಕೀ ತಿರುಗಿಸಿದೆ. ಟಕ್ ಅಂತ ಸ್ಟಾರ್ಟ್ ಆಯಿತು. ಬಾನೆಟ್ ಮುಟ್ಟಿದರೆ ಬಿಸಿ! ಸಾಹುಕಾರರು ಹೆಂಡತಿಯನ್ನು ಕೂಗಿದರು. ಆ ತಾಯಿ ಕಾಫಿ ಲೋಟ ಹಿಡಿದು ಬಂದು ಸಂಕೋಚದಿಂದ, "ಅಷ್ಟು ದೂರದಿಂದ ಬರ್ತಾರೆ, ಅವ್ರ ಮುಂದೆ ಮಾನ ಹೋಗಬಾರದು ಅಂತ ನಾನೇ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದೆ" ಅಂದರು.

ಇನ್ನೊಂದು ದಿನ ಹೋದೆ. ಆವತ್ತೂ ಬಿಸಿ! ಸಾಹುಕಾರರ ತಂದೆ ತಿಣ್ಣೆಯ ಮೇಲಿಂದ, "ನೇನೇ ನಾಯನಾ" ಅಂತ ತಮ್ಮದೇ ಕೆಲಸ ಅಂತ ಒಪ್ಪಿಕೊಂಡರು. ಬಿಸಿಲಲ್ಲಿ ನಿಂತು ಕೆಲಸ ಮಾಡ್ತಾರಲ್ಲ ಅಂತ ಕಾರನ್ನು ಹಿಂದಕ್ಕೆ ತೆಗೆದು ಹುಣಸೆ ಮರದ ನೆರಳಿಗೆ ನಿಲ್ಲಿಸಿದ್ದರಂತೆ.

ಸಾಹುಕಾರರಿಗೆ ರೇಗಿತು. ಮುಂದಿನ ಸಲ ಕೀ ತಮ್ಮ ಸೊಂಟದಲ್ಲೇ ಇರುತ್ತದೆ ಅಂತ ನನ್ನ ಮುಂದೆ ಆಣೆ ಮಾಡಿದರು. ಆ ದಿನ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದೆ. ಮನೆ ಮುಂದೆ ಹಾರನ್ ಕೇಳಿಸಿತು. ನೋಡಿದರೆ ಸಾಹುಕಾರರು ಕಾರಿನಿಂದ ತಲೆ ಹೊರಗೆ ಹಾಕಿ ನಗುತ್ತಿದ್ದಾರೆ. "ಬಸ್ಸಲ್ಲಿ ಯಾಕೆ ಕಷ್ಟ ಪಡ್ತೀರಿ ಅನ್ನಾ? ನಾನೇ ಕರ್ಕೊಂಡು ಹೋಗೋಣ ಅಂತ ಕಾರಲ್ಲೇ ಬಂದೆ. ರಂಡಿ, ಕೂಚೋಂಡಿ!" ಅಂತ ಬಾಗಿಲು ತೆಗೆದು, ಬಂದು ಕೂರಿ ಅಂತ ತೆಲುಗಿನಲ್ಲಿ ಉಪಚಾರ ಮಾಡಿದರು.

ಅಲ್ಲೇ ಕೀ ಕಿತ್ತುಕೊಂಡು ಅವರನ್ನೇ ಬಸ್ಸು ಹತ್ತಿಸಿದೆ. ಕಾರು ನನ್ನ ಶೆಡ್ಡಿನಲ್ಲಿ ತಣ್ಣಗೆ ಮಲಗಿತು. ಮಾರನೆಯ ಬೆಳಿಗ್ಗೆ ರೋಗ ಸಿಕ್ಕಿತು. ಪಂಪಿನೊಳಗಿನ ವಾಲ್ವ್ ಹಿಡಿಯದೆ, ರಾತ್ರಿ ಪೈಪಿನಲ್ಲಿದ್ದ ಪೆಟ್ರೋಲೆಲ್ಲ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು. ಪಂಪು ಬದಲಾಯಿಸಿ ಕಳಿಸಿದೆ. ಅಬ್ಬಾ ಅಂತ ಉಸಿರು ಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಸಾಹುಕಾರರ ಹೆಂಡತಿಯ ಫೋನ್ ಬಂತು.

"ಕಾರು ಹೆಂಗಿದೆ ಅಮ್ಮಾ?"

"ಬಹಳ ಚೆನ್ನಾಗಿದೆ ಅನ್ನಾ. ಕೀ ಮುಟ್ಟಿದ್ರೆ ಸಾಕು, ಸ್ಟಾರ್ಟು. ಅದೇ ತೊಂದರೆ ಆಗಿರೋದು."

"ತೊಂದರೆನಾ?"

"ಮುಂಚೆ ಅದು ರುಂಯ್ ರುಂಯ್ ಅನ್ನಕ್ಕೆ ಶುರುಮಾಡಿದ್ರೆ ನಮ್ಮೋರು ಹೊರಟ್ರು ಅಂತ ಗೊತ್ತಾಗ್ತಿತ್ತು. ಊಟದ ಡಬ್ಬಿ ಕೊಟ್ಟು, ಕನ್ನಡಕ ಕೊಟ್ಟು, ಮನೆಗೆ ಏನೇನು ತರಬೇಕು ಅಂತ ಹೇಳಿ ಮುಗಿಸಿದ ಮೇಲೆ ಗಾಡಿ ಏಳ್ತಿತ್ತು. ಈಗ ನಾನು ಹೊಸಿಲು ದಾಟೋಷ್ಟರಲ್ಲಿ ಮನುಷ್ಯ ಊರೇ ದಾಟಿರ್ತಾನೆ. ನಿನ್ನೆ ಅಂತೂ ಕಾರಲ್ಲಿ ಕೂರಕ್ಕೆ ಅಂತ ಬಂದ ನಮ್ಮ ಮಾವನ್ನೂ ಬಿಟ್ಟು ಹೋದ್ರು!" ಆಮೇಲೆ ದನಿ ತಗ್ಗಿಸಿ ಕೇಳಿದರು. "ಆ ಹಳೇ ಪಂಪು ಇನ್ನೂ ನಿಮ್ಮ ಹತ್ರಾನೇ ಇದೆಯಾ ಅನ್ನಾ?"