ತಗಡು ಬೇಡವೆಂದ ಟೈಲರ್ ಮಾಮ

ಮನೆಯ ಒಳಂಗಳಕ್ಕೆ ತಗಡು ಹೊದಿಸೋಣ ಎಂದು ಹೆಂಡತಿ ಹೇಳಿದ ದಿನ ನಮ್ಮ ಬೀದಿಯ ಟೈಲರ್ ಮಾಮ ಊಟ ಬಿಟ್ಟರು. (ಅಂದರೆ, ಮೂರನೆಯ ಸಲ ಬಡಿಸಿಕೊಳ್ಳಲಿಲ್ಲ.)

ಊರು ಇನ್ನೂ ಹಳ್ಳಿಯಾಗಿದ್ದಾಗ ಬೀದಿಯ ಪ್ರತಿ ಮನೆಯ ನಡುವೆಯೂ ಆಕಾಶಕ್ಕೆ ತೆರೆದ ಇಂಥದ್ದೊಂದು ಅಂಗಳವಿತ್ತು. ಆಮೇಲೆ ಊರು ಪಟ್ಟಣವೆಂದು ಬೋರ್ಡು ಹಾಕಿಸಿಕೊಂಡಿತು. ಕಾಂಪೌಂಡರ್ ಮನೆಯ ಅಂಗಳ ಸ್ಕೂಟರ್ ಶೆಡ್ಡಾಯಿತು, ಮೇಷ್ಟ್ರ ಮನೆಯದು ಫೋನ್ ರಿಪೇರಿ ಅಂಗಡಿಯಾಯಿತು. ಉಳಿದದ್ದು ಮಾಮನದೊಂದೇ. ಅಲ್ಲೇ ಅವರ ಅಮ್ಮ ಹಾಡಿಕೊಳ್ಳುತ್ತಾ ತಂಗಿಯರ ತಲೆ ಬಾಚುತ್ತಿದ್ದರು. ಅಪ್ಪ ಹೊಲಿಗೆ ಮೆಷಿನ್ನನ್ನು ಬಿಸಿಲಿದ್ದ ಕಡೆಗೇ ಎಳೆದುಕೊಳ್ಳುತ್ತಾ ಸಂಜೆಯ ಹೊತ್ತಿಗೆ ಇಡೀ ಅಂಗಳ ಸುತ್ತಿಬಿಡುತ್ತಿದ್ದರು. ಈಗಲೂ ಅಲ್ಲಿ ಕೂತು ಗುಂಡಿ ಹಚ್ಚುವಾಗ ಮಾಮ ಅಮ್ಮನ ಆ ಹಾಡನ್ನೇ ಗುನುಗುತ್ತಾರೆ.

"ಅದು ನಮ್ಮಮ್ಮನ ನೆನಪು ಕಣೇ!"

"ನಿಮಗೆ ನೆನಪು, ನನಗೆ ಪೊರಕೆ! ಪಕ್ಕದ ಮೂರಂತಸ್ತಿನಿಂದ ಇವತ್ತು ಏನೇನು ಬಿತ್ತು ಗೊತ್ತಾ? ಹನ್ನೊಂದು ಬಟ್ಟೆ ಕ್ಲಿಪ್ಪು, ಒಂದು ಕಾಲುಚೀಲ, ಅರ್ಧ ಬಾಚಣಿಗೆ. ಒಂದು ವಾರ ನೀವೇ ಗುಡಿಸಿ, ತೊಳೀರಿ. ಆಮೇಲೂ ತಗಡು ಬೇಡ ಅಂದ್ರೆ ನಾನು ಈ ಮಾತೇ ಎತ್ತಲ್ಲ."

ಮಾಮ ವೀರಾವೇಶದಿಂದ ಪೊರಕೆ ಹಿಡಿದರು. ಮೊದಲ ದಿನ ಪೂರ್ವಜರನ್ನು ಸ್ಮರಿಸುತ್ತಾ ಗುಡಿಸಿದರು, ಎರಡನೆಯ ದಿನ ಪಾರಿವಾಳಗಳನ್ನು ಬೈಯುತ್ತಾ. ಮೂರನೆಯ ದಿನ ಮೇಲಿನವರ ಟ್ಯಾಂಕು ತುಂಬಿ ಸುರಿದು, ಒರೆಸಿದ ಕಲ್ಲುಹಾಸನ್ನೇ ಮತ್ತೆ ಒರೆಸಬೇಕಾಯಿತು. ನಾಲ್ಕನೆಯ ದಿನ ಸೊಂಟ ಅಸಹಕಾರ ಚಳವಳಿ ಹೂಡಿತು. ಅಮ್ಮ ಇದನ್ನೆಲ್ಲ ಅಷ್ಟು ವರ್ಷ ಹೇಗೆ ಮಾಡಿದಳೋ ಎಂದು ಅವರಿಗೆ ಮೊದಲ ಸಲ ಅನಿಸಿತು. ಅವರ ಯಾವ ನೆನಪಿನಲ್ಲೂ ಅಮ್ಮನ ಕೈಯಲ್ಲಿ ಪೊರಕೆ ಇರಲಿಲ್ಲ. ಮಾಮನಿಗೆ ನಿಜವಾಗಿಯೂ ನಾಚಿಕೆಯಾಯಿತು.

ನಾಚಿಕೆಗಿಂತ ಸೊಂಟನೋವು ಜಾಸ್ತಿಯಾಗಿ, ಐದನೆಯ ದಿನ ಅವರು ಗುಟ್ಟಾಗಿ ಹೋಗಿ ವೆಲ್ಡಿಂಗಿನವನನ್ನು ಕರೆತಂದರು.

"ನಿನ್ನ ಮಾತೇ ಆಗಲಿ ಕಣೇ. ನಿನ್ನ ಕಷ್ಟ ನನ್ನಿಂದ ನೋಡೋಕಾಗಲ್ಲ. ತಗಡು ಹಾಕಿಸಿಬಿಡೋಣ," ಎಂದು ಧಾರಾಳವಾಗಿ ಘೋಷಿಸಿದರು.

ಹೆಂಡತಿ ಅಂಗಳದ ನಟ್ಟನಡುವೆ, ಮಾಮನದೇ ಕುರ್ಚಿಯಲ್ಲಿ, ಒದ್ದೆ ಕೂದಲು ಹರಡಿಕೊಂಡು ಕೂತಿದ್ದಳು. ಮುಖದಲ್ಲಿ ಮದುವೆಯ ಹೊಸತರಲ್ಲಿದ್ದ ಕಳೆ ಬಂದಿತ್ತು.

"ತಗಡಾ? ಹುಚ್ಚಾ ನಿಮಗೆ? ಮೂವತ್ತು ವರ್ಷದಲ್ಲಿ ನಾನು ಇಲ್ಲಿ ಸುಮ್ನೆ ಕೂತಿದ್ದು ಇದೇ ಮೊದಲು ಕಣ್ರೀ. ಎಷ್ಟು ಹಾಯಾಗಿದೆ! ಇದನ್ನ ಮುಚ್ಚೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ? ಇನ್ಮೇಲೆ ಇದೇ ಏರ್ಪಾಡು ಇರಲಿ."

ವೆಲ್ಡಿಂಗಿನವನು ಅಳತೆ ಟೇಪು ಸುತ್ತಿಕೊಂಡು ಹೊರಟುಹೋದ. ಮಾಮ ನಿಂತಲ್ಲೇ ನಿಂತಿದ್ದರು.

"ಯಾಕೆ ಹಾಗೆ ನಿಂತ್ರಿ?" ಎಂದಳು ಹೆಂಡತಿ, ಪ್ರೀತಿಯಿಂದಲೇ. "ತಾಳಿ, ಕಾಲು ಎತ್ತುತೀನಿ. ಕುರ್ಚಿ ಕೆಳಗೂ ಒಂದ್ಸಲ ಗುಡಿಸಿಬಿಡಿ."